ನಡುವೆ ಬಿಟ್ಟ ಪದವಿ, ಪೂರ್ತಿ ಕಟ್ಟಿದ ಶುಲ್ಕ

ಆನ್‌ಲೈನ್ ಪದವಿಗೆ ಸೇರಿದ ವಿದ್ಯಾರ್ಥಿಗಳು ವ್ಯಾಸಂಗವನ್ನು ನಡುವೆ ಕೈಬಿಟ್ಟಾಗ ಅವರು ಕಟ್ಟಿದ ಶುಲ್ಕದಲ್ಲಿ ಎಷ್ಟು ಭಾಗ ವಿಶ್ವವಿದ್ಯಾಲಯದಲ್ಲಿ ಉಳಿಯಬೇಕು, ಎಷ್ಟು ಭಾಗ ಅವರ ಕೈಗೆ ಮರಳಬೇಕು ಎಂಬುದು ಮೇಲ್ನೋಟಕ್ಕೆ ಲೆಕ್ಕಪತ್ರ ವಿಭಾಗದ ಗುಮಾಸ್ತರು ಬಗೆಹರಿಸಿಬಿಡಬಹುದಾದ ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಶಿಕ್ಷಣವು ಸೇವೆಯೋ, ಸರಕೋ, ಅಥವಾ ಇವೆರಡೂ ಅಲ್ಲದ ಬೇರೊಂದು ಸಂಬಂಧವೋ ಎಂಬ ಮೂಲಭೂತ ವಿವಾದವು ಇದರೊಳಗೆ ಅಡಗಿದೆ. ಇನ್ನೂ ಕಲಿಸದಿರುವ ಪಾಠಕ್ಕೆ ಮುಂಗಡವಾಗಿ ಪಡೆದ ಹಣದ ಒಡೆತನ ಯಾರದು ಎಂಬುದಕ್ಕೆ ಸ್ಪಷ್ಟವಾದ ಉತ್ತರ ದೊರೆಯದಿರುವುದೇ, ಪ್ರವೇಶ ರದ್ದುಪಡಿಸಿಕೊಂಡ ಮೇಲೆ ಎದುರಾಗುವ ಅನಿರೀಕ್ಷಿತ ಕಡಿತಗಳಿಗೂ ತಿಂಗಳುಗಟ್ಟಲೆ ಎಳೆಯುವ ಮರುಪಾವತಿಯ ಜಗಳಗಳಿಗೂ ಮೂಲ ಕಾರಣವಾಗಿದೆ.

ಭಾರತದಲ್ಲಿ ಆನ್‌ಲೈನ್ ಪದವಿಗೆ ಕಾನೂನಿನ ಚೌಕಟ್ಟು ದೊರೆತದ್ದು ಇತ್ತೀಚೆಗೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಅಂದರೆ ಯುಜಿಸಿಯು, 2018ರಲ್ಲಿ ಮೊದಲ ಬಾರಿಗೆ ಆನ್‌ಲೈನ್ ಕೋರ್ಸುಗಳಿಗಾಗಿ ಪ್ರತ್ಯೇಕ ನಿಯಮಾವಳಿಯನ್ನು ರೂಪಿಸಿತು. 2020ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನದಲ್ಲಿ ಮುಕ್ತ ಮತ್ತು ದೂರಶಿಕ್ಷಣ ಹಾಗೂ ಆನ್‌ಲೈನ್ ಶಿಕ್ಷಣ ಎರಡನ್ನೂ ಒಳಗೊಂಡ ಹೊಸ ನಿಯಮಾವಳಿ ಬಂದಿತು. ಇದರ ಪ್ರಕಾರ ಸಾಮಾನ್ಯವಾಗಿ, ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಮಂಡಳಿಯ ಮಾನ್ಯತೆಯಲ್ಲಿ ನಿಗದಿತ ಅಂಕವನ್ನು ಅಥವಾ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ನಿಗದಿತ ಸ್ಥಾನವನ್ನು ಪಡೆದ ವಿಶ್ವವಿದ್ಯಾಲಯಗಳು ಮಾತ್ರ ಆನ್‌ಲೈನ್ ಪದವಿಯನ್ನು ನೀಡಬಹುದು. ಮತ್ತೊಂದು ಸಂಸ್ಥೆಗೆ ಈ ಹಕ್ಕನ್ನು ಫ್ರಾಂಚೈಸಿಯಾಗಿ, ಅಂದರೆ ತನ್ನ ಹೆಸರಿನಲ್ಲಿ ಪದವಿ ನಡೆಸುವ ಗುತ್ತಿಗೆಯಾಗಿ, ವಹಿಸಿಕೊಡುವಂತಿಲ್ಲ. ಆದರೂ ಶಿಕ್ಷಣ ತಂತ್ರಜ್ಞಾನ ಕಂಪನಿಗಳ ಹೆಸರಿನೊಂದಿಗೆ ಪದವಿಗಳ ಜಾಹೀರಾತು ಕಾಣಿಸಿಕೊಂಡಾಗ ಯುಜಿಸಿಯು 2022ರ ಜನವರಿಯಲ್ಲಿ ಇಂತಹ ಏರ್ಪಾಡುಗಳಿಗೆ ಅವಕಾಶವಿಲ್ಲವೆಂದು ಎಚ್ಚರಿಕೆ ನೀಡಬೇಕಾಯಿತು. ಶಿಕ್ಷಣ ಸಚಿವಾಲಯವು ಅದಕ್ಕೂ ಮೊದಲೇ, 2021ರ ಡಿಸೆಂಬರಿನಲ್ಲಿ, ಇಂತಹ ಕಂಪನಿಗಳೊಡನೆ ವ್ಯವಹರಿಸುವಾಗ ಬ್ಯಾಂಕ್ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಆಯ್ಕೆಗೆ ಒಪ್ಪಿಗೆ ಕೊಡಬಾರದೆಂದು ಸಾರ್ವಜನಿಕರಿಗೆ ಸಲಹೆ ಮಾಡಿತ್ತು.

ಅನಿರೀಕ್ಷಿತ ಕಡಿತ ಎಂಬುದು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಶುಲ್ಕದ ಒಳರಚನೆಯನ್ನು ನೋಡಬೇಕು. ವಿದ್ಯಾರ್ಥಿಯು ಒಂದೇ ಮೊತ್ತವೆಂದು ತಿಳಿದು ಕಟ್ಟುವ ಹಣವು ರಸೀತಿಯಲ್ಲಿ ಅರ್ಜಿ ಶುಲ್ಕ, ನೋಂದಣಿ ಶುಲ್ಕ, ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಕಲಿಕಾ ವೇದಿಕೆಯ ಬಳಕೆ ಶುಲ್ಕ ಎಂದು ಹಲವು ಬಾಬುಗಳಾಗಿ ಒಡೆದಿರುತ್ತದೆ; ಇವುಗಳಲ್ಲಿ ಬೋಧನಾ ಶುಲ್ಕಕ್ಕೆ ಮಾತ್ರ ಮರುಪಾವತಿ ಅನ್ವಯಿಸುತ್ತದೆಂದೂ ಉಳಿದವುಗಳನ್ನು ಹಿಂದಿರುಗಿಸಲಾಗುವುದಿಲ್ಲವೆಂದೂ ಷರತ್ತು ಪತ್ರದಲ್ಲಿ ಬರೆದಿದ್ದರೆ, ಸೇರಿದ ಮರುವಾರವೇ ಹೊರಬಂದವರಿಗೂ ದೊಡ್ಡ ಮೊತ್ತ ಕೈತಪ್ಪುತ್ತದೆ. ಇಡೀ ಕೋರ್ಸಿನ ಶುಲ್ಕವನ್ನು ಒಮ್ಮೆಗೇ ಕಟ್ಟಿದರೆ ರಿಯಾಯಿತಿ ನೀಡುವ ಪದ್ಧತಿಯೂ ಉಂಟು. ಆ ರಿಯಾಯಿತಿಗೆ ಒಪ್ಪಿದವರು ಮೊದಲ ಸೆಮಿಸ್ಟರಿನಲ್ಲೇ ಬಿಟ್ಟರೆ, ರಿಯಾಯಿತಿಯನ್ನು ರದ್ದುಮಾಡಿ ಮೂಲ ದರದಲ್ಲಿ ಲೆಕ್ಕ ಹಾಕುವುದರಿಂದ ಹಿಂದಿರುಗುವ ಮೊತ್ತ ಮತ್ತಷ್ಟು ಕುಗ್ಗುತ್ತದೆ. ಒಂದೊಂದು ಕಡಿತಕ್ಕೂ ಕಾಗದದಲ್ಲಿ ಆಧಾರವಿರುತ್ತದೆ. ಆದರೆ ಎಲ್ಲ ಕಡಿತಗಳೂ ಸೇರಿದಾಗ ಬರುವ ಮೊತ್ತವನ್ನು ಸೇರುವ ದಿನ ಯಾರೂ ಕೂಡಿ ತೋರಿಸಿರುವುದಿಲ್ಲ.

ಇದಕ್ಕಿಂತ ತೊಡಕಿನ ಸಂಗತಿ ಸಾಲದ್ದು. ಆನ್‌ಲೈನ್ ಪದವಿಗೆ ಕಂತಿನಲ್ಲಿ ಹಣ ಕಟ್ಟುವ ವಿದ್ಯಾರ್ಥಿಗಳು ತಾವು ವಿಶ್ವವಿದ್ಯಾಲಯಕ್ಕೇ ತಿಂಗಳು ತಿಂಗಳು ಶುಲ್ಕ ಕಟ್ಟುತ್ತಿದ್ದೇವೆಂದು ಭಾವಿಸುವುದುಂಟು. ವಾಸ್ತವವಾಗಿ ಅನೇಕ ವೇಳೆ ಬ್ಯಾಂಕೇತರ ಹಣಕಾಸು ಕಂಪನಿಯೊಂದು ಅವರ ಹೆಸರಿನಲ್ಲಿ ಸಾಲ ಮಂಜೂರು ಮಾಡಿ ಪೂರ್ತಿ ಶುಲ್ಕವನ್ನು ಮೊದಲೇ ಸಂದಾಯ ಮಾಡಿರುತ್ತದೆ, ವಿದ್ಯಾರ್ಥಿಯು ಕಟ್ಟುತ್ತಿರುವುದು ಆ ಸಾಲದ ಕಂತು. ಹೀಗೆ ಪರದೆಯ ಮೇಲೆ ಒಂದೇ ಒಪ್ಪಿಗೆಯಂತೆ ಕಾಣುವ ಕ್ರಿಯೆಯಲ್ಲಿ ವಿಶ್ವವಿದ್ಯಾಲಯದೊಡನೆ ಒಂದು, ವೇದಿಕೆ ಒದಗಿಸುವ ಕಂಪನಿಯೊಡನೆ ಒಂದು, ಸಾಲ ಕೊಡುವ ಸಂಸ್ಥೆಯೊಡನೆ ಒಂದು, ಹೀಗೆ ಮೂರು ಕರಾರುಗಳು ಸೇರಿರಬಹುದು. ಪದವಿಯನ್ನು ಬಿಟ್ಟವರು ಮೊದಲನೆಯ ಕರಾರಿನಿಂದ ಮಾತ್ರ ಹೊರಬಂದಿರುತ್ತಾರೆ, ಸಾಲದ ಕರಾರು ಹಾಗೆಯೇ ಉಳಿದಿರುತ್ತದೆ. ಮರುಪಾವತಿ ತಡವಾಯಿತೆಂದು ಕಂತು ನಿಲ್ಲಿಸಿದರೆ ಸಾಲಗಾರನ ಪತ್ತಿನ ದಾಖಲೆಗೆ, ಅಂದರೆ ಮುಂದೆ ಬ್ಯಾಂಕುಗಳು ಸಾಲ ಕೊಡುವ ಮೊದಲು ನೋಡುವ ಕ್ರೆಡಿಟ್ ಸ್ಕೋರಿಗೆ, ಪೆಟ್ಟು ಬೀಳುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ, ಸಾಲ ಪಡೆದ ಮೇಲೆ ಮರುಯೋಚನೆಗೆ ಒಂದು ಸಣ್ಣ ಅವಧಿಯನ್ನು ಕಡ್ಡಾಯಗೊಳಿಸಿತು. ಆ ಅವಧಿಯೊಳಗೆ ಅಸಲನ್ನೂ ಅಷ್ಟು ದಿನಗಳ ವೆಚ್ಚವನ್ನೂ ಕಟ್ಟಿ ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಸಾಲದ ಒಟ್ಟು ವೆಚ್ಚವನ್ನೂ ಷರತ್ತುಗಳನ್ನೂ ಒಂದೆಡೆ ತಿಳಿಸುವ ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕೆಂಬ ನಿಯಮವೂ ಅದರಲ್ಲಿತ್ತು.

ವಿಶ್ವವಿದ್ಯಾಲಯಗಳ ಮಟ್ಟಿಗೆ ಹೇಳುವುದಾದರೆ, ಯುಜಿಸಿಯು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಶುಲ್ಕ ಮರುಪಾವತಿಯ ಅಧಿಸೂಚನೆಯು ಈ ವಿಷಯದಲ್ಲಿ ಮುಖ್ಯ ಆಧಾರವಾಗಿದೆ. ಅದು ಹೊರಬರುವ ದಿನವನ್ನು ಪ್ರವೇಶದ ಅಧಿಕೃತ ಕೊನೆಯ ದಿನದೊಂದಿಗೆ ಹೋಲಿಸಿ ಐದು ಮೆಟ್ಟಿಲುಗಳನ್ನು ಗೊತ್ತುಮಾಡುತ್ತದೆ. ಕೊನೆಯ ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ದಿನಗಳ ಮೊದಲು ಲಿಖಿತವಾಗಿ ತಿಳಿಸಿದವರಿಗೆ ಪೂರ್ತಿ ಶುಲ್ಕ ಹಿಂದಿರುಗಬೇಕು, ಅದರಿಂದ ಸಂಸ್ಕರಣಾ ವೆಚ್ಚವೆಂದು ಶೇಕಡಾ 5ರಷ್ಟನ್ನು, ಆದರೆ 5,000 ರೂಪಾಯಿಗೆ ಮೀರದಂತೆ, ಹಿಡಿದುಕೊಳ್ಳಬಹುದು. ಕೊನೆಯ ದಿನಕ್ಕೆ 15 ದಿನಗಳಿಗಿಂತ ಕಡಿಮೆ ಇರುವಾಗ ಶೇಕಡಾ 90, ಕೊನೆಯ ದಿನ ಕಳೆದು 15 ದಿನಗಳೊಳಗಾದರೆ ಶೇಕಡಾ 80, 15 ದಿನ ಮೀರಿ 30 ದಿನಗಳೊಳಗಾದರೆ ಶೇಕಡಾ 50, ಆಮೇಲೆ ಏನೂ ಇಲ್ಲ. ಒಂದು ಸೆಮಿಸ್ಟರಿಗೆ 40,000 ರೂಪಾಯಿ ಕಟ್ಟಿದ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಂಡು, ಪ್ರವೇಶದ ಕೊನೆಯ ದಿನ ಸೆಪ್ಟೆಂಬರ್ 30 ಎಂದಿಟ್ಟುಕೊಂಡರೆ, ಆಕೆ ಸೆಪ್ಟೆಂಬರ್ 10ರಂದು ಹೊರಬಂದಾಗ 38,000, ಸೆಪ್ಟೆಂಬರ್ 20ರಂದು 36,000, ಅಕ್ಟೋಬರ್ 10ರಂದು 32,000, ಅಕ್ಟೋಬರ್ 20ರಂದು 20,000 ರೂಪಾಯಿ ಆಕೆಗೆ ಸಲ್ಲುತ್ತದೆ, ನವೆಂಬರ್ 5ರಂದು ಮಾತ್ರ ಒಂದು ರೂಪಾಯಿಯೂ ಇಲ್ಲ. ಭದ್ರತಾ ಠೇವಣಿಯನ್ನು ಎಲ್ಲ ಸಂದರ್ಭಗಳಲ್ಲೂ ಪೂರ್ತಿಯಾಗಿ ಹಿಂದಿರುಗಿಸಬೇಕು, ಅರ್ಜಿ ಬಂದ 15 ದಿನಗಳೊಳಗೆ ಹಣ ಪಾವತಿಯಾಗಬೇಕು, ವಿದ್ಯಾರ್ಥಿಯು ವ್ಯಾಸಂಗ ಮಾಡಲಿರುವ ಸೆಮಿಸ್ಟರ್ ಅಥವಾ ವರ್ಷದ ಶುಲ್ಕವನ್ನಷ್ಟೇ ಮುಂಗಡವಾಗಿ ಪಡೆಯಬೇಕು, ಮೂಲ ಪ್ರಮಾಣಪತ್ರಗಳನ್ನು ಯಾವ ಕಾರಣಕ್ಕೂ ಸಂಸ್ಥೆಯು ತನ್ನಲ್ಲಿ ಇಟ್ಟುಕೊಳ್ಳಬಾರದು ಎಂಬವು ಅದೇ ಅಧಿಸೂಚನೆಯ ಇತರ ಅಂಶಗಳು.

ಕೋವಿಡ್ ಕಾಲದ ಆರ್ಥಿಕ ಸಂಕಷ್ಟವನ್ನೂ ಪ್ರವೇಶ ಪರೀಕ್ಷೆಗಳ ವಿಳಂಬವನ್ನೂ ಗಮನಿಸಿ ಯುಜಿಸಿಯು 2022ರಲ್ಲಿ ಈ ಮೆಟ್ಟಿಲುಗಳನ್ನು ಇನ್ನಷ್ಟು ಸಡಿಲಿಸಿತು. ಆ ವರ್ಷ ಅಕ್ಟೋಬರ್ 31ರವರೆಗೆ ಹೊರಬಂದವರಿಗೆ ಪೂರ್ತಿ ಶುಲ್ಕ, ಡಿಸೆಂಬರ್ 31ರವರೆಗೆ ಹೊರಬಂದವರಿಗೆ ಹೆಚ್ಚೆಂದರೆ 1,000 ರೂಪಾಯಿ ಕಳೆದು ಉಳಿದದ್ದು ಎಂದು ನಿಗದಿಯಾಯಿತು. 2023 ಮತ್ತು 2024ರ ಶೈಕ್ಷಣಿಕ ವರ್ಷಗಳಲ್ಲಿ ಈ ಎರಡು ದಿನಾಂಕಗಳು ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 31 ಆದವು. ಆದರೆ ಆನ್‌ಲೈನ್ ಪದವಿಗಳಿಗೆ ಜುಲೈ ಮತ್ತು ಜನವರಿ ಎಂದು ವರ್ಷಕ್ಕೆ ಎರಡು ಪ್ರವೇಶ ಅವಧಿಗಳಿರುವುದರಿಂದ, ಕಾಲೇಜುಗಳ ವಾರ್ಷಿಕ ಪಂಚಾಂಗವನ್ನು ಮನಸ್ಸಿನಲ್ಲಿಟ್ಟು ಗೊತ್ತುಪಡಿಸಿದ ಇಂತಹ ದಿನಾಂಕಗಳು ಜನವರಿಯಲ್ಲಿ ಸೇರಿದವರಿಗೆ ನೇರವಾಗಿ ಹೊಂದುವುದಿಲ್ಲ. ಅವರ ಹಕ್ಕು ತಮ್ಮ ಅವಧಿಗೆ ಪ್ರಕಟವಾದ ಪ್ರವೇಶದ ಕೊನೆಯ ದಿನವನ್ನು ಅವಲಂಬಿಸಬೇಕಾಗುತ್ತದೆ, ಆ ದಿನವಾದರೋ ಆಗಾಗ ಮುಂದಕ್ಕೆ ಹೋಗುತ್ತಿರುತ್ತದೆ. ಕೊನೆಯ ದಿನವನ್ನು ಮುಂದೂಡಿದಾಗ ಮರುಪಾವತಿಯ ಮೆಟ್ಟಿಲುಗಳೂ ಅದರೊಂದಿಗೆ ಮುಂದಕ್ಕೆ ಸರಿಯಬೇಕೆಂಬುದು ಅಧಿಸೂಚನೆಯ ಸಹಜ ಅರ್ಥ. ತಕರಾರು ಎತ್ತುವವರು ಮೊದಲು ಹಿಡಿಯಬೇಕಾದ ಎಳೆಯೂ ಇದೇ.

ಮುಂಗಡ ಶುಲ್ಕದ ಪ್ರಶ್ನೆಗೆ ಕರ್ನಾಟಕದೊಂದಿಗೆ ನೇರವಾದ ನಂಟಿದೆ. ಖಾಸಗಿ ಶಿಕ್ಷಣ ಸಂಸ್ಥೆಗಳ ಸ್ವಾಯತ್ತತೆಯನ್ನು ಕುರಿತ ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ತೀರ್ಪು ನೀಡಿತು. ಸಂಸ್ಥೆಗಳು ತಮ್ಮ ಬೆಳವಣಿಗೆಗೆ ಬೇಕಾದ ಮಿತವಾದ ಮಿಗುತಾಯವನ್ನು ಗಳಿಸಬಹುದು, ಆದರೆ ಲಾಭಕೋರತನಕ್ಕೂ ಸೀಟು ಕೊಡಲು ಪಡೆಯುವ ಕ್ಯಾಪಿಟೇಶನ್ ಶುಲ್ಕಕ್ಕೂ ಅವಕಾಶವಿಲ್ಲ ಎಂಬುದು ಅದರ ಒಂದು ಸಾರ. ಆ ತೀರ್ಪನ್ನು ಅರ್ಥೈಸಲು 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರ್ಕಾರದ ಪ್ರಕರಣದಲ್ಲಿ ಕುಳಿತ ಐವರು ನ್ಯಾಯಮೂರ್ತಿಗಳ ಪೀಠವು, ಖಾಸಗಿ ವೃತ್ತಿ ಶಿಕ್ಷಣ ಕಾಲೇಜುಗಳು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಶುಲ್ಕವನ್ನಷ್ಟೇ ಪಡೆಯಬಹುದೆಂದು ಹೇಳಿತು. ವಿದ್ಯಾರ್ಥಿ ನಡುವೆ ಬಿಟ್ಟುಹೋಗಬಹುದೆಂಬ ಭಯವಿದ್ದರೆ ಉಳಿದ ಶುಲ್ಕಕ್ಕೆ ಬಾಂಡ್ ಅಥವಾ ಬ್ಯಾಂಕ್ ಖಾತರಿಯನ್ನು ಕೇಳಬಹುದು. ಹೆಚ್ಚಿನ ಮುಂಗಡವನ್ನು ಪಡೆದಿದ್ದಲ್ಲಿ ಅದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಟ್ಟು, ಶುಲ್ಕ ಸಲ್ಲುವ ಕಾಲ ಬಂದಂತೆ ಮಾತ್ರ ತೆಗೆದುಕೊಳ್ಳಬೇಕು, ಅದರ ಬಡ್ಡಿ ವಿದ್ಯಾರ್ಥಿಗೆ ಸೇರಬೇಕು ಎಂದೂ ಆ ಪೀಠವು ನಿರ್ದೇಶಿಸಿತು. ಮುಂಗಡವಾಗಿ ಬಂದ ಹಣವು ಪಾಠ ನಡೆಯುವವರೆಗೆ ಸಂಸ್ಥೆಯ ಆದಾಯವಲ್ಲ, ಅದು ವಿದ್ಯಾರ್ಥಿಯ ಹೆಸರಿನಲ್ಲಿರುವ ಠೇವಣಿ ಎಂಬ ಈ ವಿಚಾರವು ಆನ್‌ಲೈನ್ ಶಿಕ್ಷಣದ ಸಂದರ್ಭದಲ್ಲಿ ಮತ್ತೆ ನೆನಪಿಗೆ ತಂದುಕೊಳ್ಳಬೇಕಾದ್ದು.

ಏಕೆಂದರೆ ಶುಲ್ಕವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಕಾಲೇಜುಗಳು ಸಾಮಾನ್ಯವಾಗಿ ಕೊಡುವ ಸಮರ್ಥನೆಯು ಆನ್‌ಲೈನ್ ಪದವಿಗೆ ಅಷ್ಟಾಗಿ ಹೊಂದುವುದಿಲ್ಲ. ಅರುವತ್ತು ಸೀಟುಗಳ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರವೇಶ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹೊರಟುಹೋದರೆ ಆ ಸೀಟು ಖಾಲಿ ಉಳಿಯುತ್ತದೆ, ಆ ಜಾಗಕ್ಕಾಗಿ ಕಾದಿದ್ದ ಮತ್ತೊಬ್ಬರು ಆ ವೇಳೆಗೆ ಬೇರೆಡೆ ಸೇರಿರುತ್ತಾರೆ, ಸಂಸ್ಥೆಗೆ ನಿಜವಾದ ನಷ್ಟವಾಗುತ್ತದೆ. ಯುಜಿಸಿಯ ಇಳಿಯುವ ಮೆಟ್ಟಿಲುಗಳು ಈ ನಷ್ಟವನ್ನು ಎರಡು ಕಡೆಯವರಿಗೂ ಹಂಚುವ ಉಪಾಯವೇ ಆಗಿವೆ. ಧ್ವನಿ-ದೃಶ್ಯ ಪಾಠ, ವಿದ್ಯುನ್ಮಾನ ಓದುಸಾಮಗ್ರಿ, ಚರ್ಚಾ ವೇದಿಕೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಅಂಗಗಳ ಮೇಲೆ ನಿಂತಿರುವ ಆನ್‌ಲೈನ್ ಕಲಿಕೆಯಲ್ಲಿ ಒಬ್ಬರು ಬಿಟ್ಟುಹೋದದ್ದರಿಂದ ಮತ್ತೊಬ್ಬರ ಅವಕಾಶ ತಪ್ಪುವ ಪ್ರಸಂಗ ಕಡಿಮೆ, ಮುಂದಿನ ಸೆಮಿಸ್ಟರುಗಳ ಪಾಠಕ್ಕಾಗಿ ಆ ವಿದ್ಯಾರ್ಥಿಯ ಸಲುವಾಗಿ ಆಗುವ ಹೆಚ್ಚುವರಿ ಖರ್ಚೂ ಇಲ್ಲ. ಹಾಗೆಂದು ವಿಶ್ವವಿದ್ಯಾಲಯಗಳ ಪಕ್ಷವನ್ನು ತಳ್ಳಿಹಾಕುವಂತಿಲ್ಲ. ದಾಖಲಾತಿಯ ಪರಿಶೀಲನೆ, ಖಾತೆ ತೆರೆಯುವುದು, ಅಧ್ಯಾಪಕರ ನೇಮಕ ಇವುಗಳಿಗೆ ವೆಚ್ಚ ತಗಲುತ್ತದೆ, ಪಾಠಗಳನ್ನೆಲ್ಲ ಇಳಿಸಿಕೊಂಡ ಮೇಲೆ ಶುಲ್ಕ ಹಿಂದಕ್ಕೆ ಕೇಳುವವರೂ ಇರಬಹುದು. ಎಲೆ ಹಾಕಿಸಿಕೊಂಡವರು ಉಣ್ಣದೆ ಎದ್ದರೆ ಆ ಒಂದು ಊಟದ ಬೆಲೆಯನ್ನು ಕೇಳುವುದು ನ್ಯಾಯ, ನಾಳೆ ನಾಡಿದ್ದಿನ ಊಟಗಳ ಬೆಲೆಯನ್ನೂ ಕೇಳುವುದು ನ್ಯಾಯವಲ್ಲ.

ಆನ್‌ಲೈನ್ ವಿಶ್ವವಿದ್ಯಾಲಯಗಳು ಬಹುಕಾಲದಿಂದ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವ ಅಮೆರಿಕದಲ್ಲಿ ಈ ವಿವಾದವು ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ 1965ರ ಉನ್ನತ ಶಿಕ್ಷಣ ಕಾಯಿದೆಯ ನಾಲ್ಕನೆಯ ಭಾಗದಡಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗೆ ಸಾಲವನ್ನೂ ಅನುದಾನವನ್ನೂ ಕೊಡುತ್ತದೆ. ಅವಧಿಯ ಶೇಕಡಾ 60ರಷ್ಟು ಭಾಗ ಮುಗಿಯುವ ಮೊದಲು ವಿದ್ಯಾರ್ಥಿ ಹೊರಬಂದರೆ, ಎಷ್ಟು ದಿನ ವ್ಯಾಸಂಗ ನಡೆದಿದೆಯೋ ಅಷ್ಟು ಪಾಲಿನ ನೆರವು ಮಾತ್ರ ಆತನಿಗೆ ಸಂದದ್ದೆಂದು ಎಣಿಸಿ, ಉಳಿದುದನ್ನು ಸರ್ಕಾರಕ್ಕೆ ಮರಳಿಸಬೇಕು. ವಿಶ್ವವಿದ್ಯಾಲಯವು ತನ್ನ ಪಾಲಿನದನ್ನು 45 ದಿನಗಳೊಳಗೆ ಮರಳಿಸುತ್ತದೆ. ಇದು ಸರ್ಕಾರದ ಹಣದ ಲೆಕ್ಕ. ಶುಲ್ಕದ ಲೆಕ್ಕವಾದರೋ ವಿಶ್ವವಿದ್ಯಾಲಯದ ಸ್ವಂತ ನಿಯಮದಂತೆ ನಡೆಯುತ್ತದೆ, ಆ ನಿಯಮದಲ್ಲಿ ಮರುಪಾವತಿಯ ಗಡುವು ಮೊದಲ ಕೆಲವು ವಾರಗಳಲ್ಲೇ ಮುಗಿದುಹೋಗಿರಬಹುದು. 100 ದಿನಗಳ ಅವಧಿಗೆ 10,000 ಡಾಲರ್ ಶುಲ್ಕವಿದ್ದು ಅಷ್ಟೂ ನೆರವಿನಿಂದ ಸಂದಾಯವಾಗಿದೆಯೆಂದು ಊಹಿಸಿದರೆ, 30ನೆಯ ದಿನ ಹೊರಬಂದವರ ಪರವಾಗಿ 7,000 ಡಾಲರ್ ಸರ್ಕಾರಕ್ಕೆ ಮರಳುತ್ತದೆ, ಶುಲ್ಕ ಮರುಪಾವತಿಯ ಗಡುವು ಕಳೆದಿದ್ದರೆ ಶುಲ್ಕ ಮಾತ್ರ ಪೂರ್ತಿಯಾಗಿ ಸಲ್ಲಬೇಕಾಗುತ್ತದೆ, ವಿದ್ಯಾರ್ಥಿಯ ಮನೆಗೆ 7,000 ಡಾಲರಿನ ಬಿಲ್ಲು ಬರುತ್ತದೆ. ಎಲ್ಲವೂ ಸಂದಾಯವಾಗಿದೆಯೆಂದು ನಂಬಿದವರಿಗೆ ಬಂದೆರಗುವ ಈ ಬಾಕಿಯು ಎರಡು ಪ್ರತ್ಯೇಕ ಗಡಿಯಾರಗಳು ಒಂದಕ್ಕೊಂದು ಹೊಂದದೆ ಓಡುವುದರ ಫಲ. ಆನ್‌ಲೈನ್ ತರಗತಿಯಲ್ಲಿ ಸುಮ್ಮನೆ ಲಾಗಿನ್ ಆದದ್ದು ಹಾಜರಾತಿಯಲ್ಲ, ನಿಯೋಜಿತ ಬರಹ ಸಲ್ಲಿಸುವುದು, ಪರೀಕ್ಷೆ ಬರೆಯುವುದು, ಪಾಠದ ಚರ್ಚೆಯಲ್ಲಿ ಪಾಲ್ಗೊಳ್ಳುವುದು ಇವೇ ವ್ಯಾಸಂಗದ ಪುರಾವೆ ಎಂಬ ಅಲ್ಲಿನ ನಿಯಮವು ಹೊರಬಂದ ದಿನ ಯಾವುದೆಂಬ ತಕರಾರಿಗೆ ಮತ್ತೊಂದು ದಾರಿ ಮಾಡಿಕೊಡುತ್ತದೆ.

ಇದರ ಹಿಂದೆ ವ್ಯಾಪಾರದ ಒಂದು ಒಳಸೂತ್ರವೂ ಇದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಪ್ರಚಾರ, ಪ್ರವೇಶ, ವೇದಿಕೆ ಮುಂತಾದ ಕೆಲಸಗಳನ್ನು ಹೊರಗಿನ ಕಂಪನಿಗಳಿಗೆ ವಹಿಸಿ, ಅದಕ್ಕೆ ಪ್ರತಿಯಾಗಿ ಶುಲ್ಕದಲ್ಲೇ ಪಾಲು ಕೊಡುತ್ತವೆ. ಸೇವೆಗಳನ್ನು ಒಟ್ಟುಗೂಡಿಸಿ ಕೊಡುವ ಕಂಪನಿಗಳಿಗೆ ಹೀಗೆ ಪಾಲು ನೀಡಬಹುದೆಂದು ಅಲ್ಲಿನ ಶಿಕ್ಷಣ ಇಲಾಖೆಯು 2011ರಲ್ಲಿ ವ್ಯಾಖ್ಯಾನಿಸಿತ್ತು. ಪ್ರತಿಯೊಂದು ಪ್ರವೇಶವೂ ಆದಾಯವಾಗಿ, ಪ್ರತಿಯೊಂದು ರದ್ದತಿಯೂ ನಷ್ಟವಾಗಿ ಕಾಣುವ ಇಂತಹ ವ್ಯವಸ್ಥೆಯಲ್ಲಿ ಸೇರುವ ಮುನ್ನ ಹೊರಬರುವ ನಿಯಮವನ್ನು ತಿಳಿಸಿ ಹೇಳಲು ಯಾರಿಗೂ ಆಸಕ್ತಿಯಿರುವುದಿಲ್ಲ. ಆ್ಯಶ್‌ಫರ್ಡ್ ವಿಶ್ವವಿದ್ಯಾಲಯವೆಂಬ ಆನ್‌ಲೈನ್ ಸಂಸ್ಥೆಯೂ ಅದರ ಮಾಲೀಕ ಕಂಪನಿಯೂ ಖರ್ಚು, ಆರ್ಥಿಕ ನೆರವು ಮುಂತಾದ ವಿಷಯಗಳಲ್ಲಿ ವಿದ್ಯಾರ್ಥಿಗಳನ್ನು ತಪ್ಪುದಾರಿಗೆ ಎಳೆದವೆಂದು ಕ್ಯಾಲಿಫೋರ್ನಿಯಾ ರಾಜ್ಯವು ಹೂಡಿದ ಮೊಕದ್ದಮೆಯಲ್ಲಿ 2022ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದ ನ್ಯಾಯಾಲಯವು 2.2 ಕೋಟಿ ಡಾಲರಿಗೂ ಮೀರಿದ ದಂಡವನ್ನು ವಿಧಿಸಿತು. ಬಾಕಿಯ ನೆಪದಲ್ಲಿ ಅಂಕಪಟ್ಟಿಯನ್ನು ತಡೆಹಿಡಿಯುವ ಪದ್ಧತಿಗೂ ಅಲ್ಲಿ ಕಡಿವಾಣ ಬಿದ್ದಿದೆ. ಸರ್ಕಾರದ ನೆರವು ಪಡೆದು ಶುಲ್ಕವೆಲ್ಲ ಸಂದಾಯವಾಗಿದ್ದ ಅವಧಿಗಳ ಅಂಕಪಟ್ಟಿಯನ್ನು ಕೊಡಲೇಬೇಕೆಂಬ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದಿತು.

ಭಾರತದಲ್ಲಿ ದೂರು ಕೊಡುವ ದಾರಿ ಯಾವುದೆಂಬುದೇ ಒಂದು ಸಮಸ್ಯೆ. ಶಿಕ್ಷಣವು ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೇ ಎಂಬುದರ ಬಗ್ಗೆ ನ್ಯಾಯಾಲಯಗಳ ಅಭಿಪ್ರಾಯ ಒಂದೇ ಬಗೆಯಾಗಿಲ್ಲ. ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ 2010ರ ಪ್ರಕರಣದಲ್ಲೂ ಪಿ.ಟಿ. ಕೋಶಿ ಅವರ 2012ರ ಪ್ರಕರಣದಲ್ಲೂ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ವೇದಿಕೆಯ ಹೊರಗಿಟ್ಟರೆ, 2015ರ ಪಿ. ಶ್ರೀನಿವಾಸುಲು ಪ್ರಕರಣದಲ್ಲಿ ಅವು ಒಳಗೆ ಬರುತ್ತವೆಂದು ಹೇಳಿತು. ರಾಷ್ಟ್ರೀಯ ಗ್ರಾಹಕ ಆಯೋಗವು 2020ರ ಜನವರಿಯಲ್ಲಿ ಮನು ಸೋಳಂಕಿ ಪ್ರಕರಣದಲ್ಲಿ ಪದವಿ ನೀಡುವ ಸಂಸ್ಥೆಗಳು ಹೊರಗೆ, ಕೋಚಿಂಗ್ ಕೇಂದ್ರಗಳು ಒಳಗೆ ಎಂದು ಗೆರೆ ಎಳೆಯಿತು. ಹೀಗಾಗಿ ವೇದಿಕೆ ಒದಗಿಸಿದ ಕಂಪನಿಯ ಮೇಲಿನ ದೂರಿಗೆ ಗ್ರಾಹಕ ಆಯೋಗವು ಹೆಚ್ಚು ಭದ್ರವಾದ ನೆಲೆ. ಅಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ರಾಜಿಗೆ ಯತ್ನಿಸಬಹುದು. ವಿಶ್ವವಿದ್ಯಾಲಯದ ಮೇಲಿನ ದೂರಿಗೆ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿಯು ಎರಡು ಹಂತಗಳನ್ನು ಒದಗಿಸಿದೆ. ಮೊದಲು ಸಂಸ್ಥೆಯ ಕುಂದುಕೊರತೆ ಸಮಿತಿಯು ಸಾಧ್ಯವಾದಷ್ಟು ಮಟ್ಟಿಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರಿಂದ ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್, ಅಂದರೆ ನಿವೃತ್ತ ಕುಲಪತಿ, ಪ್ರಾಧ್ಯಾಪಕ ಅಥವಾ ಜಿಲ್ಲಾ ನ್ಯಾಯಾಧೀಶರ ಪೈಕಿ ನೇಮಕವಾದ ನಿರ್ಣಾಯಕರ ಬಳಿಗೆ ಹೋಗಬಹುದು. ಸಾಲದ ಸಂಸ್ಥೆಯ ಮೇಲಿನ ದೂರನ್ನು ಮೊದಲು ಆ ಸಂಸ್ಥೆಗೂ, ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಏಕೀಕೃತ ಒಂಬುಡ್ಸ್‌ಮನ್ ಯೋಜನೆಯಡಿಯಲ್ಲೂ ಸಲ್ಲಿಸಬೇಕು. ಕರಾರುಗಳು ಮೂರಾದ್ದರಿಂದ ದೂರಿನ ಬಾಗಿಲುಗಳೂ ಮೂರಾಗಿವೆ.

ಈ ಎಲ್ಲ ಸಂಗತಿಗಳಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಪಾಠ ನಡೆದಷ್ಟಕ್ಕೆ ಮಾತ್ರ ಶುಲ್ಕ ಸಲ್ಲಬೇಕು. ಒಂದು ಸೆಮಿಸ್ಟರನ್ನು ಮೀರಿದ ಮುಂಗಡವನ್ನು ಆನ್‌ಲೈನ್ ಪದವಿಗಳಲ್ಲಿ ಪಡೆಯದಂತೆ ತಡೆಯಬೇಕು. ಪದವಿಯ ಪ್ರವೇಶ ರದ್ದಾದಾಗ ಅದಕ್ಕೆಂದು ಪಡೆದ ಸಾಲದ ಲೆಕ್ಕವೂ ತಾನಾಗಿಯೇ ಇತ್ಯರ್ಥವಾಗುವಂತೆ ಯುಜಿಸಿಯೂ ರಿಸರ್ವ್ ಬ್ಯಾಂಕೂ ತಮ್ಮ ನಿಯಮಗಳನ್ನು ಒಂದಕ್ಕೊಂದು ಜೋಡಿಸಬೇಕು. ಯಾವ ದಿನ ಹೊರಬಂದರೆ ಎಷ್ಟು ಹಣ ಮರಳುತ್ತದೆಂಬ ಪಟ್ಟಿಯನ್ನು ರೂಪಾಯಿಗಳಲ್ಲಿ ಬರೆದು, ವಿದ್ಯಾರ್ಥಿಯು ಹಣ ಕಟ್ಟುವ ಪುಟದಲ್ಲೇ ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ತೋರಿಸಬೇಕು. ಅಲ್ಲಿಯವರೆಗೆ, ಆನ್‌ಲೈನ್ ಪದವಿಗೆ ಸೇರಬಯಸುವವರು ಆ ಪದವಿಗೆ ಯುಜಿಸಿಯ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು, ಹಣವನ್ನು ವಿಶ್ವವಿದ್ಯಾಲಯದ ಖಾತೆಗೇ, ಒಂದು ಸೆಮಿಸ್ಟರಿನ ಮಟ್ಟಿಗೇ ಕಟ್ಟಬೇಕು, ಮರುಪಾವತಿಯ ಷರತ್ತಿನ ಅಂದಿನ ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು, ಬಿಡಬೇಕೆಂದು ನಿರ್ಧರಿಸಿದ ದಿನವೇ ಫೋನಿನಲ್ಲಿ ಹೇಳಿ ಸುಮ್ಮನಾಗದೆ ಕುಲಸಚಿವರಿಗೆ ದಿನಾಂಕ ಸಹಿತ ಲಿಖಿತ ಪತ್ರವನ್ನು ಕಳುಹಿಸಿ ಅದರ ಸ್ವೀಕೃತಿಯನ್ನು ಪಡೆಯಬೇಕು. ಮರುಪಾವತಿಯ ಮೊತ್ತವನ್ನು ನಿಯಮಗಳು ದಿನಗಳ ಲೆಕ್ಕದಲ್ಲಿ ಅಳೆಯುವುದರಿಂದ, ಆ ಒಂದು ದಿನಾಂಕವೇ ವಿದ್ಯಾರ್ಥಿಯ ಕೈಯಲ್ಲಿರುವ ಅತ್ಯಂತ ಬಲವಾದ ದಾಖಲೆ.